ಕೊಳಲಿನ ಲೋಹವೂ ಹೆಸರಿನ ಮೋಹವೂ

ಕೊಳಲಿಗೆ ಸಂಸ್ಕೃತದಿಂದ ಬಂದ ಹೆಸರುಗಳನ್ನು ಗಮನಿಸಿದರೆ ಒಂದು ಸ್ವಾರಸ್ಯ ಗೋಚರವಾಗುತ್ತದೆ. ವೇಣುವೆಂದರೆ ಬಿದಿರು, ವಂಶವೆಂದರೂ ಬಿದಿರು. ಮಾಡಿದ ದ್ರವ್ಯದ ಹೆಸರೇ ವಾದ್ಯದ ಹೆಸರಾಗಿ ನಿಂತಿದೆ. ಇದಲ್ಲದೆ ವಂಶವೆಂಬ ಶಬ್ದಕ್ಕೆ ಕುಲವೆಂಬ ಅರ್ಥವೂ ಉಂಟು. ಹೀಗೆ ಒಂದೇ ಪದದಲ್ಲಿ ದ್ರವ್ಯವೂ ಕುಲವೂ ಅಡಗಿ ಕುಳಿತಿವೆ. ಕೊಳಲನ್ನು ಕೊಳ್ಳಲು ಅಂಗಡಿಯ ಮೆಟ್ಟಿಲೇರಿದವನು ಇಂದಿಗೂ ಕೇಳುವ ಪ್ರಶ್ನೆಗಳು ಇವೇ ಎರಡು: ಇದನ್ನು ಯಾವುದರಿಂದ ಮಾಡಿದೆ? ಇದು ಯಾರ ಮನೆಯದು?

ಬಿದಿರಿನ ಕೊಳಲಿನ ವಿಷಯದಲ್ಲಿ ಈ ಪ್ರಶ್ನೆಗಳು ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಊದಿ ನೋಡುತ್ತೇವೆ; ಶ್ರುತಿ ಕೂಡಿದರೆ ಕೊಂಡು ತರುತ್ತೇವೆ, ಕೂಡದಿದ್ದರೆ ಇನ್ನೊಂದನ್ನು ಎತ್ತಿಕೊಳ್ಳುತ್ತೇವೆ. ನಾನು ಇಲ್ಲಿ ಹೇಳಹೊರಟಿರುವುದು ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ನುಡಿಸುವ ಲೋಹದ ಕೊಳಲಿನ ಮಾತು. ಬ್ಯಾಂಡುಗಳಲ್ಲಿ ಅದನ್ನು ಕಂಡವರು ನಮ್ಮಲ್ಲಿ ಹಲವರಿದ್ದಾರೆ. ಬೆಂಗಳೂರಿನಂಥ ನಗರಗಳಲ್ಲಿ ಅದನ್ನು ಗುರುಮುಖೇನ ಕಲಿಯುವ ಮಕ್ಕಳೂ ಇದ್ದಾರೆ. ಅದರ ಬೆಲೆ ಕೆಲವು ಸಾವಿರ ರೂಪಾಯಿಗಳಿಂದ ಆರಂಭವಾಗಿ ಹಲವು ಲಕ್ಷಗಳವರೆಗೆ ಏರುತ್ತದೆ. ನಡುವಿನ ಮೆಟ್ಟಿಲುಗಳಲ್ಲಿ ನಿಕ್ಕಲ್ ಇದೆ, ಬೆಳ್ಳಿಯ ಗಿಲೀಟು ಇದೆ, ಅಪ್ಪಟ ಬೆಳ್ಳಿ ಇದೆ, ಚಿನ್ನವಿದೆ, ಪ್ಲಾಟಿನಂ ಇದೆ. ಇವು ಸಾಲದೆ ಟೈಟಾನಿಯಂ ಮೊದಲಾದ ಹೊಸ ಲೋಹಗಳೂ ಸೇರಿಕೊಂಡಿವೆ. ಒಂದೊಂದರ ಮೇಲೂ ಒಂದೊಂದು ಹೆಸರಿನ ಮುದ್ರೆ. ಕೆಲವು ಜಗತ್ಪ್ರಸಿದ್ಧ, ಕೆಲವು ಎಂದೂ ಕೇಳರಿಯದಂಥವು. ಮಗಳ ಉತ್ಸಾಹವನ್ನು ಕಂಡು ವರ್ಷದ ಉಳಿತಾಯವನ್ನು ಕೈಯಲ್ಲಿ ಹಿಡಿದು ಬಂದ ತಂದೆ ಇವುಗಳಲ್ಲಿ ಯಾವುದನ್ನು ನಂಬಬೇಕು? ಲೋಹವನ್ನೆ? ಹೆಸರನ್ನೆ? ಎರಡಕ್ಕಿಂತಲೂ ನಂಬತಕ್ಕ ಮೂರನೆಯದೊಂದು ಉಂಟೆ?

ಈ ವಾದ್ಯ ಲೋಹದ ಒಡಲನ್ನು ತಾಳಿದ ಕಥೆಯನ್ನು ಮೊದಲು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೂ ಯೂರೋಪಿನ ಕೊಳಲು ಪ್ರಾಯಶಃ ಮರದ್ದೇ. ಲೋಹದ್ದಾಗಿ ನೂರೈವತ್ತು ವರ್ಷ ಮೀರಿದ್ದರೂ ವಾದ್ಯವೃಂದದಲ್ಲಿ ಅದನ್ನು ಇಂದಿಗೂ ಮರದ ಸುಷಿರವಾದ್ಯಗಳ ಪಂಕ್ತಿಯಲ್ಲೇ ಕೂರಿಸುತ್ತಾರೆ. ಒಡಲು ಬದಲಾದರೂ ಜಾತಿಯ ಹೆಸರು ಬದಲಾಗಲಿಲ್ಲ. ಈ ಪರಿವರ್ತನೆಗೆ ಕಾರಣನಾದವನು ಮ್ಯೂನಿಕ್ ನಗರದ ಥಿಯೋಬಾಲ್ಡ್ ಬೋಮ್ (೧೭೯೪-೧೮೮೧). ಅಕ್ಕಸಾಲಿಗನ ಮಗನಾಗಿ ಹುಟ್ಟಿ, ತಂದೆಯ ಕಸುಬನ್ನೇ ಕಲಿತು, ಅನಂತರ ಬವೇರಿಯದ ಆಸ್ಥಾನದಲ್ಲಿ ಕೊಳಲುಗಾರನಾದವನು ಈತ. ೧೮೩೧ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ನಿಕಲ್ಸನ್ ಎಂಬ ವಾದಕನ ತುಂಬುನಾದವನ್ನು ಕೇಳಿ ಬೆರಗಾದನು. ಆ ನಾದಕ್ಕೆ ನಿಕಲ್ಸನ್ನನ ಕೊಳಲಿನ ದೊಡ್ಡ ರಂಧ್ರಗಳು ಒಂದು ಕಾರಣವೆಂಬುದನ್ನು ಅವನ ಕಸುಬುದಾರ ಕಣ್ಣು ಕಂಡುಹಿಡಿಯಿತು. ೧೮೩೨ರಲ್ಲಿ ಹೊಸ ಮಾದರಿಯೊಂದನ್ನು ರೂಪಿಸಿದನು. ಆಮೇಲೆ ಮ್ಯೂನಿಕ್ಕಿನ ಪ್ರಾಧ್ಯಾಪಕ ಷಾಫ್‌ಹಾಯ್ಟ್ಲ್ ಎಂಬವನಿಂದ ನಾದವಿಜ್ಞಾನದ ಪಾಠ ಹೇಳಿಸಿಕೊಂಡು, ಪ್ರಯೋಗದ ಮೇಲೆ ಪ್ರಯೋಗ ಮಾಡಿ, ೧೮೪೭ರಲ್ಲಿ ಇಂದಿನ ಕೊಳಲಿಗೆ ತಳಹದಿಯಾದ ರೂಪವನ್ನು ಲೋಕಕ್ಕಿತ್ತನು: ಸುಮಾರು ೧೯ ಮಿಲಿಮೀಟರ್ ಒಳವ್ಯಾಸದ ನೇರವಾದ ಕೊಳವೆ, ಮೇಲಕ್ಕೆ ಹೋದಂತೆ ಸ್ವಲ್ಪ ಕಿರಿದಾಗುವ ತಲೆಭಾಗ, ಬೆರಳಿನ ಅನುಕೂಲವನ್ನು ನೋಡದೆ ನಾದದ ನಿಯಮಕ್ಕೆ ಅನುಸಾರವಾಗಿ ಕೊರೆದ ದೊಡ್ಡ ರಂಧ್ರಗಳು, ಬೆರಳಿಗೆ ಎಟುಕದ ಅವನ್ನು ಮುಚ್ಚಿ ತೆರೆಯಲು ಕೀಗಳ ಜೋಡಣೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಬೋಮನ ಸಾಧನೆಯ ಸಾರವೆಲ್ಲ ಅಳತೆಯಲ್ಲಿತ್ತು. ಆ ಅಳತೆಯನ್ನು ಕೂದಲೆಳೆಯಷ್ಟೂ ತಪ್ಪದೆ ಸಾಧಿಸುವುದಕ್ಕೆ, ಸಾಧಿಸಿದ್ದನ್ನು ಬಿಸಿಲು ಮಳೆಗಳಲ್ಲಿ ಕೆಡದಂತೆ ಉಳಿಸುವುದಕ್ಕೆ, ಲೋಹದ ತೆಳು ಕೊಳವೆ ಅನುಕೂಲವಾಯಿತು. ಹಾಗೆಂದು ಅವನು ಲೋಹಕ್ಕೆ ನಾದದಲ್ಲಿ ಪಾಲಿಲ್ಲವೆಂದು ತಿಳಿದವನಲ್ಲ. ೧೮೭೧ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಬೆಳ್ಳಿಯ ಕೊಳಲಿನ ನಾದ ಉಜ್ಜ್ವಲವೆಂದೂ, ಬಲವಾಗಿ ಊದಿದರೆ ಅದು ಕರ್ಕಶವಾಗುವುದುಂಟೆಂದೂ ಹೇಳಿದ್ದಾನೆ. ಮರದ ಕೊಳಲುಗಳನ್ನೂ ಅವನು ಕಡೆಯವರೆಗೆ ಮಾಡುತ್ತಲೇ ಇದ್ದನು.

ಬೆಳ್ಳಿಯ ದಾರಿ ತೆರೆದ ಮೇಲೆ ಚಿನ್ನದ ಆಸೆ ಹುಟ್ಟದಿರುತ್ತದೆಯೆ? ೧೮೬೯ರಲ್ಲಿ ಪ್ಯಾರಿಸ್ಸಿನ ಲೂಯಿ ಲೋ ಎಂಬ ಪ್ರಸಿದ್ಧ ನಿರ್ಮಾಪಕನು ಝಾನ್ ರೆಮ್ಯೂಸಾ ಎಂಬ ವಾದಕನಿಗಾಗಿ ಚಿನ್ನದ ಕೊಳಲೊಂದನ್ನು ಮಾಡಿಕೊಟ್ಟನು. ಅದರ ಮುಂದಿನ ಕಥೆಯನ್ನು ಕಡೆಗೆ ಹೇಳುತ್ತೇನೆ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕೆಯವರು ಚಿನ್ನವನ್ನೂ ದಾಟಿದರು. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಝಾರ್ಜ್ ಬಾರೇರ್ ಎಂಬ ಫ್ರೆಂಚ್ ವಾದಕನು ಪ್ಲಾಟಿನಂ ಕೊಳಲನ್ನು ಹಿಡಿದನು. ಅದಕ್ಕಾಗಿ ಎಡ್ಗಾರ್ ವರೇಜ್ ೧೯೩೬ರಲ್ಲಿ ಒಂದು ಕೃತಿಯನ್ನೇ ರಚಿಸಿ ‘ಸಾಂದ್ರತೆ ೨೧.೫’ ಎಂದು ಹೆಸರಿಟ್ಟನು. ಪ್ಲಾಟಿನಂ ಲೋಹ ನೀರಿಗಿಂತ ಸುಮಾರು ಇಪ್ಪತ್ತೊಂದೂವರೆ ಪಾಲು ಭಾರವೆಂಬುದೇ ಆ ಹೆಸರಿನ ಅರ್ಥ. ಕೃತಿಗೆ ಲೋಹದ ತೂಕವೇ ಹೆಸರಾದ ಉದಾಹರಣೆ ಸಂಗೀತದ ಚರಿತ್ರೆಯಲ್ಲಿ ಬೇರೆ ಎಷ್ಟಿವೆಯೋ! ೧೯೩೯ರ ನ್ಯೂಯಾರ್ಕ್ ವಿಶ್ವಪ್ರದರ್ಶನಕ್ಕಾಗಿ ಬಾಸ್ಟನ್ನಿನ ವರ್ನ್ ಪವೆಲ್ ಇನ್ನೊಂದು ಪ್ಲಾಟಿನಂ ಕೊಳಲನ್ನು ಮಾಡಿದನು. ಫಿಲಡೆಲ್ಫಿಯದ ವಾದ್ಯವೃಂದದ ವಿಲಿಯಂ ಕಿಂಕೇಡ್ ಅದನ್ನು ಕೊಂಡು ಬಹುಕಾಲ ನುಡಿಸಿದನು. ೧೯೮೬ರಲ್ಲಿ ಅದೇ ಕೊಳಲು ಹರಾಜಿನಲ್ಲಿ ೧,೮೭,೦೦೦ ಡಾಲರುಗಳಿಗೆ ಮಾರಾಟವಾಯಿತು. ಕೊಂಡವರು ಬೆಲೆ ತೆತ್ತದ್ದು ಲೋಹಕ್ಕೋ, ಮಾಡಿದವನ ಹೆಸರಿಗೋ, ನುಡಿಸಿದವನ ಕೀರ್ತಿಗೋ ಎಂದು ಬಿಡಿಸಿ ಹೇಳುವುದು ಕಷ್ಟ. ಬೆಲೆಯೆಂಬುದು ಇವೆಲ್ಲವನ್ನೂ ಒಂದೇ ಅಂಕಿಯಲ್ಲಿ ಕಲಸಿಬಿಡುತ್ತದೆ.

ಹಾಗಾದರೆ ಲೋಹ ನಿಜವಾಗಿ ಹಾಡುತ್ತದೆಯೆ? ಇದು ಭಾವದ ಪ್ರಶ್ನೆಯಲ್ಲ, ಪರೀಕ್ಷೆಗೆ ಒಳಪಡಬಲ್ಲ ಪ್ರಶ್ನೆ.

ಭರತನ ನಾಟ್ಯಶಾಸ್ತ್ರ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಂಗಡಿಸುತ್ತದೆಂಬುದನ್ನು ವಾಚಕರು ಬಲ್ಲರು. ತಾಳವೂ ಗಂಟೆಯೂ ಘನವಾದ್ಯಗಳು. ಅಲ್ಲಿ ಲೋಹವೇ ನಡುಗುತ್ತದೆ, ಲೋಹವೇ ನುಡಿಯುತ್ತದೆ. ಕಂಚಿನ ಜಾಗಟೆಯ ಬದಲು ಸೀಸದ ಹಲಗೆಯನ್ನು ಬಡಿದರೆ ಯಾರ ಕಿವಿಗೂ ವ್ಯತ್ಯಾಸ ತಿಳಿಯುತ್ತದೆ. ಕೊಳಲಾದರೋ ಸುಷಿರ, ಎಂದರೆ ಟೊಳ್ಳಾದದ್ದು, ರಂಧ್ರವುಳ್ಳದ್ದು. ವೇಣುವೆಂಬ ಹೆಸರು ದ್ರವ್ಯವನ್ನು ನೋಡಿ ಬಂದರೆ, ಸುಷಿರವೆಂಬ ಹೆಸರು ಆ ದ್ರವ್ಯದೊಳಗಿನ ಬರಿದನ್ನು ನೋಡಿ ಬಂದಿದೆ. ಎರಡನೆಯ ಹೆಸರಿಟ್ಟವನ ದೃಷ್ಟಿ ಹೆಚ್ಚು ಸೂಕ್ಷ್ಮವೆಂದು ಆಧುನಿಕ ನಾದವಿಜ್ಞಾನ ಒಪ್ಪುತ್ತದೆ. ತುಟಿಯಿಂದ ಹೊರಟ ಉಸಿರಿನ ತೆಳುವಾದ ಎಳೆ ಊದುರಂಧ್ರದ ಎದುರಂಚಿಗೆ ತಾಗಿ ಒಮ್ಮೆ ಒಳಕ್ಕೂ ಒಮ್ಮೆ ಹೊರಕ್ಕೂ ತೂಗಾಡುತ್ತದೆ. ಆ ತೂಗಾಟ ಕೊಳವೆಯೊಳಗಿನ ಗಾಳಿಯ ಕಂಬವನ್ನು ಸ್ಪಂದಿಸುತ್ತದೆ. ನಾದವು ಊದುರಂಧ್ರದಿಂದಲೂ ತೆರೆದ ಬೆರಳುರಂಧ್ರಗಳಿಂದಲೂ ಹೊರಬರುತ್ತದೆ. ಕೊಳವೆಯ ಗೋಡೆಯೂ ನಡುಗುವುದು ದಿಟವೇ. ಆದರೆ ಗಾಳಿಯ ಸ್ಪಂದನದ ಮುಂದೆ ಆ ನಡುಕ ಗಣನೆಗೆ ಬಾರದಷ್ಟು ಅಲ್ಪ.

ಇದನ್ನು ಒಪ್ಪದ ವಿದ್ವಾಂಸರೂ ಇದ್ದರು. ಕ್ಲೀವ್ಲೆಂಡಿನ ಭೌತವಿಜ್ಞಾನಿ ಡೇಟನ್ ಮಿಲ್ಲರ್ (೧೮೬೬-೧೯೪೧) ಕೊಳಲಿನ ವ್ಯಾಮೋಹಕ್ಕೆ ಬಾಳನ್ನೇ ಒಪ್ಪಿಸಿದವನು. ಬೋಮನ ಗ್ರಂಥವನ್ನು ಇಂಗ್ಲಿಷಿಗೆ ತಂದವನು. ತಾನು ಕೂಡಿಹಾಕಿದ ಸುಮಾರು ೧೭೦೦ ಕೊಳಲುಗಳನ್ನು ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಬಿಟ್ಟುಹೋದವನು. ಕೊಳವೆಯ ದ್ರವ್ಯ ನಾದವನ್ನು ಬದಲಿಸುತ್ತದೆಂದು ೧೯೦೯ರಲ್ಲಿ ಆತ ಲೇಖನ ಬರೆದು ವಾದಿಸಿದನು. ಅಂಥವನ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ೧೯೭೧ರಲ್ಲಿ ಜಾನ್ ಕೋಲ್ಟ್‌ಮನ್ ಎಂಬ ಇನ್ನೊಬ್ಬ ಅಮೆರಿಕನ್ ಭೌತವಿಜ್ಞಾನಿ ತನ್ನದೊಂದು ಪ್ರಯೋಗದ ಫಲವನ್ನು ಪ್ರಕಟಿಸಿದನು. ಒಳ ಅಳತೆ ಒಂದೇ ಆಗಿರುವ ಮೂರು ಸರಳ ಕೊಳಲುಗಳನ್ನು ಅವನು ಮಾಡಿದನು; ಒಂದು ಬೆಳ್ಳಿಯದು, ಒಂದು ತಾಮ್ರದ್ದು, ಒಂದು ಮರದ್ದು. ಮೂರಕ್ಕೂ ಒಂದೇ ಬಗೆಯ ಪ್ಲಾಸ್ಟಿಕ್ಕಿನ ತಲೆಭಾಗ. ಮರೆಯಲ್ಲಿ ನುಡಿಸಿದಾಗ ಯಾವುದು ಯಾವುದೆಂದು ಕೇಳುಗರಿಗೆ ಗುರುತಿಸಲಾಗಲಿಲ್ಲ. ಇನ್ನು ನುಡಿಸುವವರ ಸರದಿ. ಕೈಗೆ ತೂಕ ತಿಳಿದರೆ ಗುಟ್ಟು ರಟ್ಟಾಗುತ್ತದೆಂದು ಮೂರನ್ನೂ ಒಂದೇ ಚೌಕಟ್ಟಿಗೆ ಬಿಗಿದು, ತಿರುಗಿಸಿ ತಿರುಗಿಸಿ ಅವರ ತುಟಿಗೆ ಕೊಡಲಾಯಿತು. ಅವರೂ ಗುರುತಿಸದೆ ಹೋದರು.

ತಾಮ್ರಕ್ಕೂ ಮರಕ್ಕೂ ಭೇದ ತಿಳಿಯದಿರಬಹುದು, ಚಿನ್ನದ ಮಾತೇ ಬೇರೆ ಎಂದು ಯಾರಾದರೂ ಆಕ್ಷೇಪಿಸಿಯಾರು. ಅದಕ್ಕೂ ಉತ್ತರ ಬಂದಿದೆ. ವಿಯೆನ್ನಾ ನಗರದ ಸಂಶೋಧಕರು ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನವೊಂದಕ್ಕೆ ಜಪಾನಿನ ಒಂದೇ ನಿರ್ಮಾಪಕನ ಒಂದೇ ಮಾದರಿಯ ಏಳು ಕೊಳಲುಗಳನ್ನು ಆರಿಸಿಕೊಂಡಿದ್ದರು: ಬೆಳ್ಳಿಯ ಗಿಲೀಟಿನದು, ಅಪ್ಪಟ ಬೆಳ್ಳಿಯದು, ೯, ೧೪ ಮತ್ತು ೨೪ ಕ್ಯಾರೆಟ್ ಚಿನ್ನದವು, ಪ್ಲಾಟಿನಂ ಗಿಲೀಟಿನದು, ಪೂರ್ಣ ಪ್ಲಾಟಿನಂನದು. ನುಡಿಸಿದವರು ವಿಯೆನ್ನಾದ ವಾದ್ಯವೃಂದಗಳ ಏಳು ಮಂದಿ ನುರಿತ ವಾದಕರು. ಅಳತೆಯ ಯಂತ್ರಗಳಿಗಾಗಲಿ ಅನುಭವಿಗಳ ಕಿವಿಗಾಗಲಿ ಲೋಹದಿಂದ ಹುಟ್ಟಿದ ವ್ಯತ್ಯಾಸವೆಂದು ಹೇಳಬಹುದಾದದ್ದು ಏನೂ ಸಿಕ್ಕಲಿಲ್ಲ. ವಾದಕನಿಂದ ವಾದಕನಿಗೆ ಇದ್ದ ವ್ಯತ್ಯಾಸ ಮಾತ್ರ ಸ್ಪಷ್ಟವಾಗಿ ಕಂಡಿತು. ಉಸಿರು ಬದಲಾದರೆ ನಾದ ಬದಲಾಗುತ್ತದೆ. ಲೋಹ ಬದಲಾದರೆ ಬೆಲೆ ಬದಲಾಗುತ್ತದೆ.

ಹಾಗೆಂದ ಮಾತ್ರಕ್ಕೆ ಚಿನ್ನದ ಕೊಳಲನ್ನು ಮೆಚ್ಚಿದ ವಾದಕರೆಲ್ಲ ಭ್ರಾಂತರೆಂದು ತೀರ್ಮಾನಿಸುವುದು ಅವಿವೇಕ. ಅವರು ಕೇಳಿದ ಭೇದ ಬಹುಮಟ್ಟಿಗೆ ನಿಜವೇ. ಅದರ ಕಾರಣವನ್ನು ಹುಡುಕಿದ ಸ್ಥಳ ಮಾತ್ರ ಬೇರೆ. ಊದುರಂಧ್ರದ ಅಂಚು ಎಷ್ಟು ಚೂಪು, ಅದರ ಗೋಡೆ ಎಷ್ಟು ಎತ್ತರ, ಎಷ್ಟು ಓರೆ ಎಂಬ ಅತಿ ಸಣ್ಣ ಅಳತೆಗಳಿಂದ ನಾದದ ಸ್ವಭಾವವೇ ಬೇರೆಯಾಗುತ್ತದೆ. ದುಬಾರಿಯ ಲೋಹವನ್ನು ಕೈಗೆತ್ತಿಕೊಂಡ ಕುಶಲಿ ಆ ಅಂಚನ್ನು ಅವಸರದಲ್ಲಿ ಕತ್ತರಿಸಲಾರ. ತನ್ನ ಕಾರ್ಯಾಗಾರದ ಅತ್ಯುತ್ತಮ ಕೈಗಳನ್ನೇ ಆ ಕೆಲಸಕ್ಕೆ ಹಚ್ಚುತ್ತಾನೆ. ಹೀಗೆ ಚಿನ್ನದ ಜೊತೆಯಲ್ಲಿ ಶ್ರದ್ಧೆಯೂ ಮಾರಾಟವಾಗುತ್ತದೆ. ಕೊಂಡವನು ಶ್ರದ್ಧೆಯ ಫಲವನ್ನು ಚಿನ್ನದ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ. ಅದೂ ಅಲ್ಲದೆ, ಕೈಯಲ್ಲಿರುವ ವಾದ್ಯದ ತೂಕ, ಅದರ ಮೇಲಿನ ವಿಶ್ವಾಸ, ಇವು ವಾದಕನ ಮನಸ್ಸನ್ನು ಮುಟ್ಟಿ ಆ ಮೂಲಕ ಉಸಿರನ್ನೂ ಮುಟ್ಟುವುದುಂಟು. ಆದುದರಿಂದ ಕೊಳ್ಳುವವನು ತಿಳಿಯಬೇಕಾದದ್ದು ಇಷ್ಟು: ಶ್ರದ್ಧೆಯ ಕೆಲಸ ಸಾಮಾನ್ಯ ಲೋಹದಲ್ಲಿಯೂ ದೊರೆತೀತು, ಅಪೂರ್ವ ಲೋಹದಲ್ಲಿ ದೊರೆಯದೆಯೂ ಹೋದೀತು.

ಇನ್ನು ಲೋಹಗಳ ಹೆಸರಿನ ವಿಚಾರ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ನಮ್ಮ ಗಾದೆಗೆ ಜರ್ಮನ್ ಸಿಲ್ವರ್‌ಗಿಂತ ತಕ್ಕ ನಿದರ್ಶನ ಸಿಕ್ಕಲಾರದು. ಅರಿಸಿನ ಕುಂಕುಮದ ಬಟ್ಟಲಾಗಿ, ಉಡುಗೊರೆಯ ತಟ್ಟೆಯಾಗಿ ಅದು ನಮ್ಮ ಮನೆಗಳಿಗೂ ಬಂದಿದೆ. ತಾಮ್ರ, ನಿಕ್ಕಲ್, ಸತು, ಇವುಗಳ ಮಿಶ್ರಣವದು. ಅದರಲ್ಲಿ ಬೆಳ್ಳಿಯ ಅಂಶ ಎಳ್ಳಷ್ಟೂ ಇಲ್ಲ. ಅಗ್ಗದ ಕೊಳಲುಗಳಲ್ಲಿ ಬಹುಪಾಲು ಈ ಲೋಹದವು. ಮೇಲೆ ಬೆಳ್ಳಿಯದೋ ನಿಕ್ಕಲ್ಲಿನದೋ ಗಿಲೀಟು. ಅದರಿಂದಲೇ ಅವು ಕೀಳೆಂದು ತಿಳಿಯಬೇಕಾಗಿಲ್ಲ. ಮೇಲೆ ಹೇಳಿದ ಲೂಯಿ ಲೋ ಇದೇ ಲೋಹದಿಂದ ಮಾಡಿದ ಕೊಳಲುಗಳನ್ನು ಇಂದಿಗೂ ರಸಿಕರು ಹುಡುಕಿ ಕೊಳ್ಳುತ್ತಾರೆ. ಬಡ ಲೋಹಕ್ಕೆ ದೊಡ್ಡ ಕೈ ಕೂಡಿದರೆ ಏನಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ಸ್ಟರ್ಲಿಂಗ್ ಬೆಳ್ಳಿಯೆಂದರೆ ಸಾವಿರದಲ್ಲಿ ೯೨೫ ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಬೆಳ್ಳಿಯ ಕೊಳಲೆಂದು ಮಾರುವ ವಾದ್ಯದಲ್ಲಿ ತಲೆಭಾಗ ಮಾತ್ರ ಬೆಳ್ಳಿಯದಾಗಿರಬಹುದು. ಕೆಲವೊಮ್ಮೆ ತುಟಿ ತಾಗುವ ತಗಡಷ್ಟೇ ಬೆಳ್ಳಿಯದಾಗಿರುವುದೂ ಉಂಟು. ಚಿನ್ನದಂತೆ ಹೊಳೆಯುವುದು ಬಣ್ಣದ ಲೇಪನ ಪಡೆದ ಹಿತ್ತಾಳೆಯಾಗಿರಬಹುದು. ನಿಜವಾದ ಚಿನ್ನವೇ ಆದರೂ ೯ ಕ್ಯಾರೆಟ್ಟಿನದರಲ್ಲಿ ಸಾವಿರಕ್ಕೆ ೩೭೫ ಪಾಲು ಮಾತ್ರ ಚಿನ್ನ. ಎಂದರೆ ಚಿನ್ನಕ್ಕಿಂತ ಇತರ ಲೋಹಗಳೇ ಹೆಚ್ಚು. ಇದರಲ್ಲಿ ಮೋಸವಿದೆಯೆಂದು ನನ್ನ ಮಾತಲ್ಲ. ಅಚ್ಚ ಚಿನ್ನ ಮೆತ್ತಗಿರುವುದರಿಂದ ಬೆರಕೆ ಅಗತ್ಯವೇ. ಆದರೆ ‘ಯಾವ ಭಾಗ, ಎಷ್ಟು ಪಾಲು, ಒಳಗೂ ಅದೆಯೋ ಮೇಲೆ ಮಾತ್ರವೋ’ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬರವಣಿಗೆಯಲ್ಲಿ ಪಡೆಯದೆ ಲೋಹದ ಹೆಸರಿಗೆ ಹಣ ತೆರಬಾರದು. ನಿಘಂಟಿನಲ್ಲಿ ಇಲ್ಲದ ಹೊಸ ಹೆಸರನ್ನು ಮಾರುವವನು ಉಚ್ಚರಿಸಿದಾಗಲಂತೂ ಅದು ಯಾವ ಯಾವ ಲೋಹಗಳ ಕೂಟವೆಂದು ವಿಗ್ರಹವಾಕ್ಯ ಹೇಳಿಸಬೇಕು. ಸಮಾಸವನ್ನು ಬಿಡಿಸದೆ ಅರ್ಥ ಹೇಳಬಾರದೆಂದು ನಾವು ತರಗತಿಯಲ್ಲಿ ಕಲಿಸುವ ಪಾಠವೇ ಇದು.

ಲೋಹವನ್ನು ಆರಿಸಲು ನ್ಯಾಯವಾದ ಕಾರಣಗಳೂ ಇಲ್ಲದಿಲ್ಲ. ನಿಕ್ಕಲ್ ಕೆಲವರ ಚರ್ಮಕ್ಕೆ ಒಗ್ಗದು. ಗಲ್ಲದ ಮೇಲೆ ತುರಿ, ಗಂದೆಗಳು ಏಳುತ್ತವೆ. ಅಂಥವರಿಗೆ ತುಟಿಯ ತಗಡಾದರೂ ಬೇರೆ ಲೋಹದ್ದಾಗಿರಬೇಕು. ಬೆಳ್ಳಿ ಗಾಳಿಯಲ್ಲಿನ ಗಂಧಕದ ಅಂಶದಿಂದಲೂ ಕೈಬೆವರಿನಿಂದಲೂ ಕಪ್ಪಾಗುತ್ತದೆ. ಚಿನ್ನ ಹಾಗೆ ಕಂದುವುದು ಕಡಮೆ. ನೀರಿನ ತೂಕಕ್ಕೆ ಹೋಲಿಸಿದರೆ ಬೆಳ್ಳಿ ಸುಮಾರು ಹತ್ತೂವರೆ ಪಾಲು, ಚಿನ್ನ ಹತ್ತೊಂಬತ್ತು ಪಾಲಿಗೂ ಮಿಗಿಲು. ಟೈಟಾನಿಯಂ ನಾಲ್ಕೂವರೆ ಪಾಲು ಮಾತ್ರ. ದಿನಕ್ಕೆ ಹಲವು ಗಂಟೆ ಕೈಯೆತ್ತಿ ಹಿಡಿಯಬೇಕಾದವರ ತೋಳು ಭುಜಗಳಿಗೆ ಈ ಲೆಕ್ಕ ತಮಾಷೆಯಲ್ಲ. ‘ಈ ಲೋಹ ಏಕೆ?’ ಎಂದು ಕೇಳಿದಾಗ ಮಾರುವವನು ಚರ್ಮದ ಮಾತನ್ನೋ ತೂಕದ ಮಾತನ್ನೋ ಬಾಳಿಕೆಯ ಮಾತನ್ನೋ ಆಡಿದರೆ ಕಿವಿಗೊಡೋಣ. ‘ನಾದವೇ ಅಮೃತವಾಗುತ್ತದೆ’ ಎಂದರೆ, ಊದಿ ತೋರಿಸಪ್ಪಾ ಎನ್ನೋಣ.

ಎರಡನೆಯ ಮೋಹ ಹೆಸರಿನದು. ಹೆಸರಿಗೆ ಬೆಲೆಯೇ ಇಲ್ಲವೆಂದು ನಾನು ಹೇಳಲಾರೆ. ಹಲವು ವರ್ಷ ಒಂದೇ ಮಟ್ಟದ ಕೆಲಸ ಮಾಡಿದ ಮನೆತನದ ಮುದ್ರೆ ಒಂದು ಬಗೆಯ ಮಾತುಕೊಟ್ಟಂತೆ; ಕೆಟ್ಟರೆ ಬಿಡಿಭಾಗಗಳು ಸಿಕ್ಕುತ್ತವೆ, ಮಾರಲು ಹೋದರೆ ಕೊಳ್ಳುವವರು ಇರುತ್ತಾರೆ. ಆದರೆ ಇಂದಿನ ಪ್ರಸಿದ್ಧ ಹೆಸರುಗಳೆಲ್ಲ ಒಂದು ಕಾಲಕ್ಕೆ ಅಜ್ಞಾತವಾಗಿದ್ದವು ಎಂಬುದನ್ನು ಮರೆಯಬಾರದು. ಟೋಕಿಯೋದಲ್ಲಿ ಕೊಯಿಚಿ ಮುರಮತ್ಸು ೧೯೨೩ರಲ್ಲಿ ಕೊಳಲು ಮಾಡತೊಡಗಿದಾಗ ಜಪಾನಿನ ಕೊಳಲೆಂಬ ಮಾತನ್ನು ಯೂರೋಪಿನಲ್ಲಿ ಯಾರು ಬಲ್ಲರು? ವಿಯೆನ್ನಾದ ಪರೀಕ್ಷೆಗೆ ಬಂದ ಏಳು ಕೊಳಲುಗಳೂ ಅದೇ ಮನೆಯವು. ಪವೆಲ್ ತನ್ನ ಹೆಸರಿನಲ್ಲಿ ಸಂಸ್ಥೆಯನ್ನು ತೆರೆದದ್ದು ೧೯೨೭ರಲ್ಲಿ. ಅದಕ್ಕೆ ಮುಂಚೆ ಆತ ಇನ್ನೊಬ್ಬರ ಕಾರ್ಯಾಗಾರದಲ್ಲಿ ದುಡಿದವನು. ಲಂಡನ್ನಿನ ಆಲ್ಬರ್ಟ್ ಕೂಪರ್ (೧೯೨೪-೨೦೧೧) ರಂಧ್ರಗಳ ಸ್ಥಾನವನ್ನು ಹೊಸದಾಗಿ ಲೆಕ್ಕಹಾಕಿದನು; ೧೯೭೦ರ ದಶಕದಲ್ಲಿ ಬಾಸ್ಟನ್ನಿನ ಪವೆಲ್ ಸಂಸ್ಥೆಯೇ ಅವನ ಲೆಕ್ಕವನ್ನು ಅಂಗೀಕರಿಸಿತು.

ಆ ಹೊಸ ಲೆಕ್ಕ ಏತಕ್ಕೆ ಬೇಕಾಯಿತೆಂಬುದೂ ಕೊಳ್ಳುವವನಿಗೆ ಉಪಯುಕ್ತ. ಫ್ರಾನ್ಸಿನಲ್ಲಿ ೧೮೫೯ರಲ್ಲಿ ಆಧಾರಸ್ವರದ ಸ್ಪಂದನವನ್ನು ಸೆಕೆಂಡಿಗೆ ೪೩೫ ಎಂದು ಗೊತ್ತುಮಾಡಿದ್ದರು; ಅದು ಅನಂತರ ೪೪೦ಕ್ಕೆ ಏರಿತು. ಹಳೆಯ ಅಳತೆಯ ಒಡಲನ್ನೇ ಇಟ್ಟುಕೊಂಡು ತಲೆಭಾಗವನ್ನು ಮಾತ್ರ ಕುಗ್ಗಿಸಿದರೆ ಕೆಲವು ಸ್ವರಗಳು ಕೂಡುತ್ತವೆ, ಕೆಲವು ಮುನಿಸಿಕೊಳ್ಳುತ್ತವೆ. ಪೂಜ್ಯವಾದ ಹೆಸರಿನ ಹಳೆಯ ಕೊಳಲೂ ಹೀಗೆ ಇಂದಿನ ಶ್ರುತಿಯಲ್ಲಿ ತಡವರಿಸಬಹುದು. ಹಳೆಯ ಹೆಸರೆಂದು ಕಣ್ಣುಮುಚ್ಚಿ ಕೊಳ್ಳುವುದೂ, ಹೊಸ ಹೆಸರೆಂದು ಕಣ್ಣುಮುಚ್ಚಿ ಬಿಡುವುದೂ ಒಂದೇ ಬಗೆಯ ಆಲಸ್ಯ.

ಅಪರಿಚಿತ ಹೆಸರುಗಳಲ್ಲಿ ಎರಡು ಜಾತಿ ಉಂಟು. ಒಂದು, ತನ್ನ ಕೈಕೆಲಸಕ್ಕೆ ತನ್ನ ಹೆಸರನ್ನೇ ಒತ್ತಿ ಹೊಣೆಹೊತ್ತ ಸಣ್ಣ ನಿರ್ಮಾಪಕನದು. ಇನ್ನೊಂದು, ಎಲ್ಲೋ ಒಂದು ಕಾರ್ಖಾನೆಯಲ್ಲಿ ರಾಶಿಯಾಗಿ ಮಾಡಿದ ವಾದ್ಯಕ್ಕೆ ವ್ಯಾಪಾರಿಗಳು ತಮ್ಮ ತಮ್ಮ ಮುದ್ರೆ ಒತ್ತಿಸಿಕೊಂಡದ್ದು. ಒಂದೇ ಕೊಳಲು ಇಲ್ಲಿ ಹತ್ತು ಹೆಸರು ಹೊತ್ತು ಹತ್ತು ಬೆಲೆಗೆ ಮಾರಾಟವಾಗುತ್ತದೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬಂತೆ, ಕೇಳಲು ಯೂರೋಪಿನ ಹಳೆಯ ಮನೆತನದ ಹೆಸರಿನಂತೆ ಇರುತ್ತದೆ. ಹಿಂದೆ ಯಾರೂ ಇರುವುದಿಲ್ಲ. ಯಾರು ಮಾಡಿದರು, ಎಲ್ಲಿ ಮಾಡಿದರು, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂದು ಕೇಳಿದರೆ ಎರಡೂ ಜಾತಿಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಈ ವಾದ್ಯವನ್ನು ಬಲ್ಲ ರಿಪೇರಿಗಾರರು ನಮ್ಮ ಊರುಗಳಲ್ಲಿ ವಿರಳ. ಆದುದರಿಂದ ಮೊದಲು ರಿಪೇರಿಗಾರನನ್ನು ಗೊತ್ತುಮಾಡಿಕೊಂಡು, ಅವನು ಮುಟ್ಟಲು ಒಪ್ಪುವ ವಾದ್ಯವನ್ನೇ ಕೊಳ್ಳುವುದು ಜಾಣತನ. ಬಹು ಅಗ್ಗದ ಕೊಳಲುಗಳ ಮೆತ್ತನೆಯ ಕೀಗಳು ಬಾಗಿದರೆ ನೆಟ್ಟಗಾಗವು, ನೆಟ್ಟಗಾದರೆ ನಿಲ್ಲವು.

ಇನ್ನು ಪರೀಕ್ಷೆಯ ಕ್ರಮ. ತಲೆ, ಒಡಲು, ಪಾದ ಎಂಬ ಮೂರು ಭಾಗಗಳನ್ನು ಜೋಡಿಸಿದಾಗ ಕೀಲುಗಳು ಅಲುಗಾಡಬಾರದು, ತುರುಕುವಂತೆಯೂ ಇರಬಾರದು. ಕೀಗಳನ್ನು ಬೆರಳಿನಿಂದ ಪಕ್ಕಕ್ಕೆ ಮೆಲ್ಲಗೆ ತಳ್ಳಿದರೆ ಗಲಗಲ ಸದ್ದಾಗಬಾರದು. ಕತ್ತಲೆಯ ಕೋಣೆಯಲ್ಲಿ ಕೊಳವೆಯೊಳಗೆ ಸಣ್ಣ ದೀಪವನ್ನು ಇಳಿಸಿ ಕೀಗಳನ್ನು ಒಂದೊಂದಾಗಿ ಮುಚ್ಚಿದರೆ ಪ್ಯಾಡಿನ ಅಂಚಿನಿಂದ ಬೆಳಕು ಸೋರಬಾರದು. ಬೆಳಕು ಸೋರಿದಲ್ಲಿ ಗಾಳಿಯೂ ಸೋರುತ್ತದೆ. ಅತಿ ಕೆಳಗಿನ ಸ್ವರಗಳನ್ನು ಬೆರಳು ಒತ್ತದೆ ಹಗುರವಾಗಿ ನುಡಿಸಲು ಬರಬೇಕು. ಒಂದೇ ಸ್ವರವನ್ನು ಮೂರು ಸ್ಥಾಯಿಗಳಲ್ಲಿ ಊದಿ ಶ್ರುತಿ ನೋಡಬೇಕು. ಶ್ರುತಿ ತೋರಿಸುವ ಸಾಧನ ಈಗ ಕೈಯಲ್ಲಿರುವ ಫೋನಿನಲ್ಲೇ ದೊರೆಯುತ್ತದೆ. ಒಂದು ದೀರ್ಘಸ್ವರವನ್ನು ಪಿಸುಮಾತಿನಷ್ಟು ಮೆಲ್ಲಗೆ ಆರಂಭಿಸಿ, ತುಂಬಿಸಿ, ಮತ್ತೆ ಇಳಿಸಬೇಕು. ಕಡೆಯದಾಗಿ, ಕೋಲ್ಟ್‌ಮನ್ನನ ದಾರಿ: ಕೊಳ್ಳುವವನು ಬೆನ್ನು ತಿರುಗಿಸಿ ನಿಲ್ಲಲಿ, ಗುರುಗಳು ನಾಲ್ಕಾರು ಕೊಳಲುಗಳನ್ನು ಹೆಸರು ಹೇಳದೆ ನುಡಿಸಲಿ, ಮೆಚ್ಚಿದ್ದಕ್ಕೆ ಗುರುತು ಹಾಕಿಕೊಂಡ ಮೇಲೆ ಹೆಸರನ್ನೂ ಬೆಲೆಯನ್ನೂ ಕೇಳಲಿ.

ನಾವು ಸಾಹಿತ್ಯವನ್ನು ಓದಿಸುವವರಿಗೆ ಈ ಕ್ರಮ ಅಪರಿಚಿತವಲ್ಲ. ಐ. ಎ. ರಿಚರ್ಡ್ಸ್ ಕೇಂಬ್ರಿಜ್ಜಿನಲ್ಲಿ ಕವಿಗಳ ಹೆಸರನ್ನು ಮರೆಮಾಡಿ ಕವಿತೆಗಳನ್ನು ವಿದ್ಯಾರ್ಥಿಗಳ ಮುಂದಿಟ್ಟು, ಅವರ ಅಭಿಪ್ರಾಯಗಳನ್ನು ೧೯೨೯ರ ತನ್ನ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಗ್ರಂಥದಲ್ಲಿ ಪರಿಶೀಲಿಸಿದನು. ಹೆಸರಿನ ಆಸರೆ ತಪ್ಪಿದೊಡನೆ ಎಷ್ಟೋ ಮಂದಿ ಹಿರಿಯದನ್ನು ತೆಗಳಿದರು, ಕಿರಿಯದನ್ನು ಹೊಗಳಿದರು. ಅದರಿಂದ ಎರಡು ನೀತಿಗಳು ಹೊರಡುತ್ತವೆ. ಹೆಸರನ್ನು ನೋಡಿ ಮೆಚ್ಚುವ ಅಭ್ಯಾಸ ನಮ್ಮಲ್ಲಿ ಆಳವಾಗಿದೆ ಎಂಬುದು ಒಂದು. ಹೆಸರನ್ನು ಮುಚ್ಚಿದ ಮಾತ್ರಕ್ಕೆ ವಿವೇಕ ಉದಯಿಸುವುದಿಲ್ಲ, ಅದಕ್ಕೆ ಪಳಗಿದ ಕಿವಿ ಬೇಕು ಎಂಬುದು ಇನ್ನೊಂದು. ಕಲಿಯುವ ಮಗುವಿಗೆ ಆ ಕಿವಿ ಇನ್ನೂ ಬಂದಿರುವುದಿಲ್ಲ. ಆದ್ದರಿಂದಲೇ ಗುರುಗಳು ಜೊತೆಗಿರಬೇಕು.

ಇದರಲ್ಲಿ ಹಣಕ್ಕಿಂತ ದೊಡ್ಡ ವಿಚಾರವೂ ಅಡಗಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳೆಂದು ನಾವು ನಗುತ್ತೇವೆ. ನೆಲ ನಿಜವಾಗಿ ಡೊಂಕಾಗಿದ್ದಾಗ ಕುಣಿಯುವ ಹುಡುಗಿಯ ಗತಿಯೇನೆಂದು ಗಾದೆ ಹೇಳುವುದಿಲ್ಲ. ಗಾಳಿ ಸೋರುವ ಕೊಳಲನ್ನು ಹಿಡಿದ ಮಗು ಕೊಳಲನ್ನು ಸಂಶಯಿಸುವುದಿಲ್ಲ. ತನ್ನ ಉಸಿರನ್ನೇ ಸಂಶಯಿಸುತ್ತದೆ. ಆರು ತಿಂಗಳು ಪ್ರಯಾಸಪಟ್ಟು, ತನಗೆ ಸಂಗೀತ ಬಾರದೆಂದು ನಿರ್ಧರಿಸಿ, ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸುತ್ತದೆ. ಹೊಳಪಿಗೂ ಹೆಸರಿಗೂ ಮರುಳಾಗಿ ಮಾಡಿದ ಖರೀದಿಯಲ್ಲಿ ಹೋಗುವ ರೂಪಾಯಿಗಳನ್ನು ಮತ್ತೆ ದುಡಿಯಬಹುದು. ಹೀಗೆ ಕಳೆದುಕೊಂಡ ಆತ್ಮವಿಶ್ವಾಸವನ್ನು ಗಳಿಸುವುದು ಅಷ್ಟು ಸುಲಭವಲ್ಲ.

ಲೂಯಿ ಲೋ ಮಾಡಿದ ಚಿನ್ನದ ಕೊಳಲಿನ ಕಥೆ ಬಾಕಿಯಿದೆ. ರೆಮ್ಯೂಸಾನ ಕಾಲವಾದ ಬಹಳ ವರ್ಷಗಳ ಮೇಲೆ ಅದು ಹಳೆಯ ವಸ್ತುಗಳ ವ್ಯಾಪಾರಿಯೊಬ್ಬನ ಕೈಗೆ ಬಿತ್ತು. ಅವನಿಗೆ ಅದರಲ್ಲಿ ಕಂಡದ್ದು ಚಿನ್ನ ಮಾತ್ರ. ಕರಗಿಸಿ ತೂಕಕ್ಕೆ ಮಾರುವ ಯೋಚನೆಯಲ್ಲಿದ್ದನು. ೧೯೪೮ರಲ್ಲಿ ಝಾನ್-ಪಿಯೆರ್ ರಾಂಪಾಲ್ ಎಂಬ ತರುಣ ವಾದಕನಿಗೆ ಅದು ದೊರೆತು ಕುಲುಮೆಯಿಂದ ಪಾರಾಯಿತು. ಮುಂದೆ ಅವನ ಉಸಿರಿನಲ್ಲಿ ಲೋಕವೆಲ್ಲ ಕೇಳುವಂತೆ ನುಡಿಯಿತು. ಕರಗಿಸಿದ್ದರೆ ಚಿನ್ನದಲ್ಲಿ ಗುಲಗಂಜಿಯಷ್ಟೂ ನಷ್ಟವಾಗುತ್ತಿರಲಿಲ್ಲ. ನಷ್ಟವಾಗುತ್ತಿದ್ದದ್ದು ಆ ಚಿನ್ನ ಸುತ್ತುವರಿದಿದ್ದ ಟೊಳ್ಳು. ಒಬ್ಬ ಕುಶಲಿ ಅಳೆದು ಅಳೆದು ಕಾಪಾಡಿಟ್ಟಿದ್ದ ಅಷ್ಟು ಬರಿದು ಜಾಗ. ಚಿನ್ನವನ್ನು ಪರೀಕ್ಷಿಸಲು ಒರೆಗಲ್ಲು ಸಾಕು. ಕೊಳಲನ್ನು ಪರೀಕ್ಷಿಸಲು ಉಸಿರೂ ಕಿವಿಯೂ ಬೇಕು. ಅವೆರಡನ್ನೂ ಅಂಗಡಿಗೆ ಕೊಂಡೊಯ್ಯಲು ಮರೆಯದಿದ್ದರೆ ಸಾಕು.